ಅನಿಮೇಷನ್ ಚಿತ್ರಗಳ ಫೈಟಿಂಗ್ ಗೇಮ್: ಸೋಲಿನ ಹಂತ ದಾಟಿದವರು ಅನುಭವ ಹೇಳುವಿರಾ?

ಪ್ರಶ್ನೆ

ನಾನೂ ನನ್ನ 13 ವರ್ಷದ ಮಗನೂ ಡ್ರ್ಯಾಗನ್ ಬಾಲ್ ಚಿತ್ರಗಳನ್ನು ಒಟ್ಟಿಗೆ ಕೂತು ನೋಡಿದವರು. ಆ ಪ್ರೀತಿಯಿಂದಲೇ, ಅದೇ ಪಾತ್ರಗಳು ಕಾದಾಡುವ ಡ್ರ್ಯಾಗನ್ ಬಾಲ್ ಫೈಟರ್‌ಝೀ ಎಂಬ ವಿಡಿಯೊ ಗೇಮ್ ಆಡತೊಡಗಿದೆವು. ಮನೆಯಲ್ಲಿ ನಾವಿಬ್ಬರೇ ಆಡುವಾಗ ಬಹಳ ಸಂತೋಷವಾಗುತ್ತದೆ. ಆದರೆ ಆನ್‌ಲೈನ್‌ನಲ್ಲಿ ಎದುರಾಳಿಯ ಒಂದು ಹೊಡೆತ ತಗುಲಿತೆಂದರೆ ನಮ್ಮ ಪಾತ್ರ ಮತ್ತೆ ನೆಲ ಮುಟ್ಟುವುದೇ ಇಲ್ಲ, ಮಗ ಕಂಟ್ರೋಲರ್ ಕೆಳಗಿಟ್ಟು ಮೌನವಾಗಿಬಿಡುತ್ತಾನೆ. ಈ ಹಂತವನ್ನು ನೀವು ಹೇಗೆ ದಾಟಿದಿರಿ? ಬೇರೆ ಗೇಮ್‌ನಿಂದ ಆರಂಭಿಸಬೇಕಿತ್ತೇ?

ಉತ್ತರ 1

ನೀವು ಹೇಳಿದ ಸ್ಥಿತಿಯಲ್ಲೇ ನಾನು ಹಲವು ತಿಂಗಳು ಸಿಕ್ಕಿಕೊಂಡಿದ್ದೆ. ಲೈಟ್ (ಹಗುರ ಹೊಡೆತದ) ಬಟನ್ನನ್ನು ಮತ್ತೆ ಮತ್ತೆ ಒತ್ತಿದರೆ ಕಾಂಬೊ, ಅಂದರೆ ಬಿಡುವಿಲ್ಲದ ಹೊಡೆತಗಳ ಸರಣಿ, ತಾನಾಗಿಯೇ ಮುಂದುವರಿಯುವ ಸೌಲಭ್ಯ ಈ ಗೇಮ್‌ನಲ್ಲಿದೆ. ಹೊಸಬರಿಗೆ ಅದು ಒಳ್ಳೆಯ ಆಸರೆಯೇ, ಆದರೆ ಅದರಿಂದಾಗಿ ಸದಾ ಹೊಡೆಯುತ್ತಲೇ ಇರುವ ಅಭ್ಯಾಸ ಬೆಳೆದು, ತಡೆಯುವುದನ್ನು ನಾನು ಕಲಿಯಲೇ ಇಲ್ಲ.

ಗೇಮ್ ಸೆಕೆಂಡಿಗೆ 60 ಫ್ರೇಮ್‌ಗಳ (ಪರದೆಯ ಬಿಡಿ ಚಿತ್ರಗಳ) ವೇಗದಲ್ಲಿ ನಡೆಯುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್, ಅಂದರೆ 12ರಿಂದ 15 ಫ್ರೇಮ್‌ಗಳಷ್ಟು ಹೊತ್ತು ಬೇಕಾಗುವುದರಿಂದ, ಆರೇಳು ಫ್ರೇಮ್‌ಗಳಲ್ಲಿ ಬಂದು ಬಡಿಯುವ ಲೈಟ್ ಹೊಡೆತವನ್ನು ನೋಡಿಕೊಂಡು ತಡೆಯಲು ಯಾರಿಂದಲೂ ಆಗದು. ಎದುರಾಳಿ ಹತ್ತಿರ ಬಂದಾಗ ಮೊದಲೇ ಬ್ಲಾಕ್ (ತಡೆ) ಹಿಡಿದಿರಬೇಕು. ಕೂತು ಬ್ಲಾಕ್ ಮಾಡುವುದನ್ನೇ ರೂಢಿ ಮಾಡಿಕೊಂಡು, ಅವನು ಮೇಲಿನಿಂದ ಎರಗುವಾಗ ಮಾತ್ರ ಎದ್ದು ನಿಲ್ಲಿ. ದೂರದಿಂದ ಸೂಪರ್ ಡ್ಯಾಶ್ ಮಾಡಿ ನುಗ್ಗುವವರಿಗೆ, ಕೆಳಗಿನ ದಿಕ್ಕನ್ನೂ ಹೆವಿ (ಭಾರಿ ಹೊಡೆತದ) ಬಟನ್ನನ್ನೂ ಒಟ್ಟಿಗೆ ಒತ್ತುವುದೇ ಉತ್ತರ. ಟ್ರೈನಿಂಗ್ ಮೋಡ್‌ನಲ್ಲಿ ಆ ಒಂದನ್ನೇ ವಾರವಿಡೀ ಅಭ್ಯಾಸ ಮಾಡಿದ ಮೇಲೆ ನನ್ನ ಪಂದ್ಯಗಳ ಸ್ವರೂಪವೇ ಬದಲಾಯಿತು.

ಕಾಂಬೊದಲ್ಲಿ ಸಿಕ್ಕಿಬಿದ್ದಾಗ ಗಾಬರಿಯಿಂದ ಬಟನ್ ಒತ್ತದೆ, ಅದು ಯಾವ ಹೊಡೆತದಿಂದ ಆರಂಭವಾಯಿತೆಂದು ನೆನಪಿಟ್ಟುಕೊಳ್ಳಲು ಮಗನಿಗೆ ಹೇಳಿ. ಪಂದ್ಯ ಮುಗಿದ ಮೇಲೆ ರಿಪ್ಲೇಯಲ್ಲಿ ಆ ಕ್ಷಣವನ್ನು ಇಬ್ಬರೂ ಕೂತು ನೋಡಿ. ಚಿತ್ರಗಳನ್ನು ಒಟ್ಟಿಗೆ ನೋಡಿದ ನಿಮಗೆ ಇದೂ ಹಿಡಿಸುತ್ತದೆ ಎಂಬುದು ನನ್ನ ನಂಬಿಕೆ.

ಪಾತ್ರಗಳ ವಿಷಯದಲ್ಲಿ, ಬಲಾಬಲದ ಪಟ್ಟಿಗಳನ್ನು ಬದಿಗಿಟ್ಟು ಮಗ ಮೆಚ್ಚಿದವರನ್ನೇ ಆರಿಸಲು ಬಿಡಿ. 1991ರ ಚಿತ್ರದ ಕೂಲರ್, 1993ರ ಚಿತ್ರದ ಬ್ರೋಲಿ, 1995ರ ಚಿತ್ರದ ಜನೆಂಬಾ, ಈ ಮೂವರೂ ಇದರಲ್ಲಿದ್ದಾರೆ. ನಾನು ಬ್ರೋಲಿಯನ್ನು ಆರಿಸಿದ್ದು ಚಿತ್ರದಲ್ಲಿ ಅವನು ಹುಟ್ಟಿಸಿದ ಭಯಕ್ಕಾಗಿ. ಅವನದು ದೊಡ್ಡ ದೇಹವಾದ್ದರಿಂದ ಹೊಡೆತಗಳೂ ಹೆಚ್ಚು ತಗುಲುತ್ತವೆ, ಆದರೂ ಅವನ ಮೇಲಿನ ಅಭಿಮಾನವೇ ನನ್ನನ್ನು ಟ್ರೈನಿಂಗ್ ಮೋಡ್‌ನಲ್ಲಿ ಕೂರಿಸಿತು.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಮೂರು ಪಾತ್ರಗಳ ತಂಡವನ್ನು ಸಂಭಾಳಿಸಬೇಕಾದ ಈ ಗೇಮ್ ಮೊದಲ ಮೆಟ್ಟಿಲಿಗೆ ಭಾರವೆಂದೇ ನನಗನಿಸುತ್ತದೆ. ನನ್ನ ತಂಗಿಗೆ ನಾನು ಕಲಿಸಿದ್ದು 2005ರ ಶ್ರೆಕ್ ಸೂಪರ್‌ಸ್ಲ್ಯಾಮ್‌ನಲ್ಲಿ. ಅಲ್ಲಿ ಪ್ರಾಣದ ಪಟ್ಟಿ ಕರಗಿ ಪಂದ್ಯ ಮುಗಿಯುವುದಿಲ್ಲ. ಹೊಡೆಯುತ್ತಾ ಮೀಟರ್ ತುಂಬಿಸಿ, ಸ್ಲ್ಯಾಮ್ ಎಂಬ ದೊಡ್ಡ ಹೊಡೆತ ಹೊಡೆದು ಅಂಕ ಗಳಿಸಬೇಕು. ಹಿಂದೆ ಬಿದ್ದವರೂ ಕೊನೆಯವರೆಗೆ ಆಡುತ್ತಿರುತ್ತಾರೆ, ನಾಲ್ವರು ಒಟ್ಟಿಗೆ ಆಡಬಹುದು. ದೂರವನ್ನು ಅಳೆಯುವುದು, ಎದುರಾಳಿಯ ಹೊಡೆತ ತಪ್ಪಿದಾಗ ನುಗ್ಗುವುದು, ಇವನ್ನು ಅವಳು ಅಲ್ಲಿಯೇ ಕಲಿತಳು.

ಹೊಸ ಗೇಮ್ ಆರಿಸುವ ಮುನ್ನ ಇಂಟರ್‌ನೆಟ್ ಇಲ್ಲದೆಯೂ ಅದನ್ನು ಆಡಬಹುದೇ ಎಂದು ನೋಡಿಕೊಳ್ಳಿ. 1999ರ ಅನಿಮೇಷನ್ ಚಿತ್ರದ ಐರನ್ ಜೈಂಟ್ ಇದ್ದ ಮಲ್ಟಿವರ್ಸಸ್ ಎಂಬ ಗೇಮ್‌ನ ಆನ್‌ಲೈನ್ ಆಟ 2025ರ ಮೇ ತಿಂಗಳಲ್ಲಿ ನಿಂತುಹೋಯಿತು.

ಉತ್ತರ 3

ನಾನೂ ಒಬ್ಬ ತಾಯಿ. ಮಗಳೊಂದಿಗೆ ಮಾಡಿಕೊಂಡ ಒಪ್ಪಂದವೊಂದನ್ನು ಮಾತ್ರ ಹೇಳುತ್ತೇನೆ. ಸತತವಾಗಿ ಮೂರು ಪಂದ್ಯ ಸೋತರೆ ಆನ್‌ಲೈನ್ ಬಿಟ್ಟು ನಾವಿಬ್ಬರೇ ಆಡುತ್ತೇವೆ, ಆಗ ಅವಳನ್ನು ಸೋಲಿಸಿದ ಹೊಡೆತವನ್ನೇ ನಾನು ಅವಳ ಮೇಲೆ ಪ್ರಯೋಗಿಸುತ್ತೇನೆ, ಅವಳು ತಡೆಯುತ್ತಾಳೆ. ಅವಳ ಮೌನ ಕಡಿಮೆಯಾದದ್ದು ಗೆಲ್ಲತೊಡಗಿದ ಮೇಲಲ್ಲ, ತಾನು ಏಕೆ ಸೋತೆನೆಂದು ಬಾಯಿಬಿಟ್ಟು ಹೇಳಲು ಬಂದ ಮೇಲೆ.

ಇನ್ನೊಂದು ವಿಷಯ. ಸಾಧ್ಯವಾದರೆ ವೈಫೈ ಬದಲು ಕೇಬಲ್ ಬಳಸಿ. ಫೈಟರ್‌ಝೀಯ ಪಿಸಿ ಮತ್ತು ಪಿಎಸ್5 ಆವೃತ್ತಿಗಳಿಗೆ 2024ರಲ್ಲಿ ರೋಲ್‌ಬ್ಯಾಕ್ (ಸಂಪರ್ಕದ ವಿಳಂಬ ಆಟದಲ್ಲಿ ಅಷ್ಟಾಗಿ ಕಾಣದಂತೆ ಮಾಡುವ ತಂತ್ರ) ಬಂದಿದೆ. ನೀವು ಪಿಎಸ್4 ಆವೃತ್ತಿಯಲ್ಲಿ ಆಡುತ್ತಿದ್ದರೆ, ಮಗ ಸರಿಯಾದ ಸಮಯಕ್ಕೆ ಒತ್ತಿದ ಬ್ಲಾಕ್ ಕೂಡ ಸಂಪರ್ಕದ ವಿಳಂಬದಿಂದ ತಡವಾಗುತ್ತಿರಬಹುದು.