ಕುಡಿದದ್ದು ಇಳಿಯೋಕೆ ನಿಜವಾಗಿ ಎಷ್ಟು ಹೊತ್ತು ಬೇಕು? ಕಾಫಿ, ತಣ್ಣೀರು, ವಾಂತಿ ಇವುಗಳಿಂದ ಬೇಗ ಇಳಿಯುತ್ತಾ?

ಇರುಳುದಾರಿ:
70 ಕೆ.ಜಿ. ತೂಕದ ಗಂಡಸೊಬ್ಬರು ರಾತ್ರಿ 9ಕ್ಕೆ ಶುರು ಮಾಡಿ 12ರ ಹೊತ್ತಿಗೆ 240 ಮಿ.ಲೀ. ವಿಸ್ಕಿ (40%) ಕುಡಿದು ಮುಗಿಸಿದ್ದಾರೆ ಅಂತಿಟ್ಟುಕೊಳ್ಳಿ. ಬೆಳಗ್ಗೆ 7ಕ್ಕೆ ಗಾಡಿ ಓಡಿಸಬಹುದಾ? ಆರು ಗಂಟೆ ನಿದ್ದೆಯಾದರೆ ಸಾಕು ಅಂತ ಕೆಲವರು, ಕಡು ಕಾಫಿ ಕುಡಿದು ತಲೆಗೆ ತಣ್ಣೀರು ಸುರಿದುಕೊಂಡರೆ ಸರಿಹೋಗುತ್ತೆ ಅಂತ ಕೆಲವರು, ವಾಂತಿ ಮಾಡಿಸಿಬಿಡಿ ಅಂತ ಇನ್ನು ಕೆಲವರು. ಇದರಲ್ಲಿ ಯಾವುದು ನಿಜ? ಮೈಯೊಳಗೆ ಏನಾಗುತ್ತೆ ಅನ್ನೋದನ್ನೂ ಸೇರಿಸಿ ಹೇಳಿ.

ತಕ್ಕಡಿ:
7ಕ್ಕೆ ಓಡಿಸಬಾರದು. ಲೆಕ್ಕ ಹಾಕಿದರೆ ಗೊತ್ತಾಗುತ್ತೆ.

240 ಮಿ.ಲೀ.ನಲ್ಲಿ 40% ಅಂದರೆ 96 ಮಿ.ಲೀ. ಶುದ್ಧ ಆಲ್ಕೋಹಾಲ್. ಅದು ನೀರಿಗಿಂತ ಹಗುರ, 1 ಮಿ.ಲೀ.ಗೆ 0.789 ಗ್ರಾಂ. ಹಾಗಾಗಿ ಒಟ್ಟು ಸುಮಾರು 76 ಗ್ರಾಂ. ಇದು ಮೈಯಲ್ಲಿರುವ ನೀರಿನಲ್ಲೆಲ್ಲ ಹರಡಿಕೊಳ್ಳುತ್ತೆ, ಕೊಬ್ಬಿಗೆ ಹೆಚ್ಚು ಸೇರೋದಿಲ್ಲ. ಅದಕ್ಕೇ ತೂಕವನ್ನು ಗಂಡಸರಿಗೆ 0.68ರಿಂದ, ಹೆಂಗಸರಿಗೆ 0.55ರಿಂದ ಗುಣಿಸುತ್ತಾರೆ. ಇದು ಸ್ವೀಡನ್ನಿನ ವಿಜ್ಞಾನಿ ವಿಡ್‌ಮಾರ್ಕ್ 1930ರ ದಶಕದಲ್ಲಿ ಕೊಟ್ಟ ಸೂತ್ರ, ಇವತ್ತಿಗೂ ಬಳಕೆಯಲ್ಲಿದೆ. 70 × 0.68 = 47.6. 76 ಗ್ರಾಂ ಅನ್ನು ಅದರಿಂದ ಭಾಗಿಸಿದರೆ ಲೀಟರ್ ರಕ್ತಕ್ಕೆ ಸುಮಾರು 1.6 ಗ್ರಾಂ, ಅಂದರೆ 100 ಮಿ.ಲೀ. ರಕ್ತಕ್ಕೆ ಸುಮಾರು 160 ಮಿ.ಗ್ರಾಂ. ಬರುತ್ತೆ.

ಇಳಿಯೋದು ಗಂಟೆಗೆ ಸರಾಸರಿ 15 ಮಿ.ಗ್ರಾಂ. ಕುಡಿಯಲು ಶುರು ಮಾಡಿದ ಹೊತ್ತಿನಿಂದ ಎಣಿಸಿದರೆ 160 ಸೊನ್ನೆಗೆ ಬರಲು ಹತ್ತೂವರೆ ಗಂಟೆಗಿಂತ ಹೆಚ್ಚು, ಅಂದರೆ ಬೆಳಗ್ಗೆ 7.40ರ ಸುಮಾರು. ಆದರೆ ಗಂಟೆಗೆ 10 ಮಾತ್ರ ಇಳಿಯುವವರೂ ಇದ್ದಾರೆ. ಅವರ ರಕ್ತದಲ್ಲಿ 7 ಗಂಟೆಗೆ ಇನ್ನೂ 60 ಉಳಿದಿರುತ್ತೆ, ಪೂರ್ತಿ ಇಳಿಯೋದು ಮಧ್ಯಾಹ್ನ 1ಕ್ಕೆ. ತಾನು ಯಾವ ಗುಂಪು ಅಂತ ಯಾರಿಗೂ ಅಂದಾಜಿನಿಂದ ತಿಳಿಯೋದಿಲ್ಲ, ನಿಧಾನದ ಲೆಕ್ಕವನ್ನೇ ಹಿಡಿಯಿರಿ. 60 ಕೆ.ಜಿ. ತೂಕದ ಹೆಣ್ಣುಮಗಳು ಇಷ್ಟೇ ಕುಡಿದರೆ 230 ತಲುಪುತ್ತೆ. ಸರಾಸರಿ ವೇಗದಲ್ಲೂ ಮಧ್ಯಾಹ್ನ 12 ದಾಟುತ್ತೆ.

ಈ ವೇಗ ಯಾಕೆ ಹೆಚ್ಚಾಗೋದಿಲ್ಲ ಅಂದರೆ, ಲಿವರ್‌ನಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಅನ್ನೋ ಕಿಣ್ವ ಬಹಳ ಬೇಗ ತನ್ನ ಮಿತಿ ಮುಟ್ಟಿಬಿಡುತ್ತೆ. ಒಂದೇ ಕಿಟಕಿಯ ಕೌಂಟರ್ ಇದ್ದಂತೆ, ಸಾಲು ಎಷ್ಟೇ ಉದ್ದ ಇದ್ದರೂ ಟಿಕೆಟ್ ಹರಿಯೋದು ಒಂದೊಂದೇ. ಅದು ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತೆ (ಇದು ಆಲ್ಕೋಹಾಲಿಗಿಂತಲೂ ವಿಷ), ಇನ್ನೊಂದು ಕಿಣ್ವ ಅದನ್ನು ಅಸಿಟೇಟ್ ಮಾಡುತ್ತೆ, ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್. ಶೇ. 90ಕ್ಕೂ ಹೆಚ್ಚು ಭಾಗ ಹೋಗೋದು ಹೀಗೇ. ಉಸಿರು, ಮೂತ್ರ, ಬೆವರು ಮೂರೂ ಸೇರಿ ಉಳಿದ ಸ್ವಲ್ಪ. ಓಡಿ ಬೆವರು ಸುರಿಸಿದರೆ ಇಳಿಯುತ್ತೆ ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತೆ.

ನಾಡಿಮಿಡಿತ:
ತಕ್ಕಡಿಯವರ ಲೆಕ್ಕ ಸರಿ ಇದೆ. ಉಳಿದ ಉಪಾಯಗಳ ಬಗ್ಗೆ ಹೇಳ್ತೀನಿ.

ಕಾಫಿ ನಿದ್ದೆ ಓಡಿಸುತ್ತೆ, ಅಮಲನ್ನಲ್ಲ. ಮಂಪರು ತರುವ ಅಡಿನೋಸಿನ್‌ಗೆ ಕೆಫೀನ್ ಅಡ್ಡ ನಿಲ್ಲುತ್ತೆ, ರಕ್ತದಲ್ಲಿರುವ ಆಲ್ಕೋಹಾಲ್ ಒಂದು ಮಿ.ಗ್ರಾಂ. ಕೂಡ ಕಡಿಮೆಯಾಗೋದಿಲ್ಲ. ತೂಕಡಿಸುತ್ತಿದ್ದರೆ ಗಾಡಿ ಮುಟ್ಟದೆ ಬಿಡುತ್ತಿದ್ದವರು ಕಾಫಿ ಕುಡಿದು 'ಈಗ ಸರಿ ಇದ್ದೀನಿ' ಅಂತ ಹೊರಡ್ತಾರೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಕೆಟ್ಟ ಸಲಹೆ.

ತಣ್ಣೀರೂ ಬೇಡ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಮೈಶಾಖ ಸೋರಿಹೋಗ್ತಿರುತ್ತೆ. ಮೈ ಬೆಚ್ಚಗಿದೆ ಅನಿಸಿದರೂ ಒಳಗೆ ತಣ್ಣಗಾಗ್ತಿರುತ್ತೆ. ಅದರ ಮೇಲೆ ಬಚ್ಚಲಲ್ಲಿ ಜಾರಿ ಬೀಳುವ ಅಪಾಯ.

ವಾಂತಿ ಮಾಡಿಸಿದರೆ ಹೊಟ್ಟೆಯಲ್ಲಿ ಉಳಿದದ್ದು ಮಾತ್ರ ಹೊರಗೆ ಬರುತ್ತೆ. ಹೆಚ್ಚಿನ ಭಾಗವನ್ನು ಹೀರಿಕೊಳ್ಳೋದು ಸಣ್ಣ ಕರುಳು. ಗಂಟೆ ಕಳೆದ ಮೇಲೆ ವಾಪಸ್ ತರುವಂಥದ್ದು ಹೆಚ್ಚೇನೂ ಉಳಿದಿರೋದಿಲ್ಲ. ಅಮಲಿನಲ್ಲಿ ಗಂಟಲಿನ ರಕ್ಷಣೆಯ ಪ್ರತಿಕ್ರಿಯೆ ಮಂಕಾಗಿರುವುದರಿಂದ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಊಟವೂ ಅಷ್ಟೇ: ಕುಡಿಯುವ ಮೊದಲು ತಿಂದರೆ ಏರುವ ವೇಗ ತಗ್ಗುತ್ತೆ, ಏರಿದ ಮೇಲೆ ತಿಂದರೆ ಇಳಿಯೋದಿಲ್ಲ.

ನೀರು ಕುಡಿಯಲಿ, ಒಳ್ಳೆಯದೇ. ಮೂತ್ರವನ್ನು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ಆಲ್ಕೋಹಾಲ್ ತಗ್ಗಿಸುವುದರಿಂದ ಮೈ ಒಣಗಿರುತ್ತೆ. ಬಾಯಾರಿಕೆ ನೀಗುತ್ತೆ, ಅಮಲು ಹಾಗೇ ಇರುತ್ತೆ. ತಲೆನೋವಿನ ಮಾತ್ರೆ ವಿಷಯದಲ್ಲಿ ಹುಷಾರು: ದಿನಾ ಕುಡಿಯುವವರಲ್ಲಿ ಪ್ಯಾರಾಸಿಟಮಾಲ್ ಲಿವರ್‌ಗೆ ಪೆಟ್ಟು ಕೊಡಬಲ್ಲದು, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಜಠರದಲ್ಲಿ ರಕ್ತಸ್ರಾವ ತರಬಲ್ಲವು. ನಿದ್ದೆ ಮಾತ್ರೆ ಅಂತೂ ಮುಟ್ಟಲೇಬಾರದು, ಎರಡೂ ಸೇರಿ ಉಸಿರಾಟವನ್ನೇ ಅದುಮುತ್ತವೆ.

ಮಗ್ಗುಲು:
ಗಾಡಿಯ ಮಾತಾಯಿತು. 'ಮಲಗಲಿ ಬಿಡಿ, ಬೆಳಗ್ಗೆ ಸರಿಹೋಗ್ತಾನೆ' ಅಂತ ಬಾಗಿಲು ಎಳೆದುಕೊಂಡು ಹೋಗೋದರಿಂದಲೂ ಜೀವ ಹೋಗಬಹುದು. ಕೊನೆಯ ಗುಟುಕಿನ ನಂತರವೂ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ರಕ್ತದ ಮಟ್ಟ ಏರ್ತಾನೇ ಇರಬಹುದು. ಮಲಗಿದಾಗ ಇದ್ದದ್ದಕ್ಕಿಂತ ಮಲಗಿದ ಮೇಲಿನ ಸ್ಥಿತಿ ಕೆಡಬಹುದು.

ಹೆಸರು ಹಿಡಿದು ಕೂಗಿ, ಭುಜ ಅಲುಗಿಸಿ. ಏಳದಿದ್ದರೆ, ಉಸಿರು ನಿಮಿಷಕ್ಕೆ 8ಕ್ಕಿಂತ ಕಡಿಮೆ ಇದ್ದರೆ, ಎರಡು ಉಸಿರಿನ ನಡುವೆ 10 ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ, ತುಟಿ ನೀಲಿಗಟ್ಟಿದ್ದರೆ, ಮೈ ತಣ್ಣಗಾಗಿ ಜಿಗುಟಾಗಿದ್ದರೆ, ಫಿಟ್ಸ್ ಬಂದರೆ ತಕ್ಷಣ ಆಂಬುಲೆನ್ಸ್ ಕರೆಸಿ. ಇವುಗಳಲ್ಲಿ ಒಂದಿದ್ದರೂ ಸಾಕು.

ಅದು ಬರುವವರೆಗೆ ಮಗ್ಗುಲಿಗೆ ಮಲಗಿಸಿ. ಪಕ್ಕದಲ್ಲಿ ಮಂಡಿಯೂರಿ, ನಿಮ್ಮ ಕಡೆಯ ಅವರ ಕೈಯನ್ನು ಮೈಯಿಂದ ಹೊರಗೆ ನೇರ ಚಾಚಿ. ಆಚೆಬದಿಯ ಕೈಯನ್ನು ಎದೆ ಮೇಲಿಂದ ತಂದು, ಅಂಗೈಯ ಹಿಂಬದಿ ನಿಮ್ಮ ಕಡೆಯ ಕೆನ್ನೆಗೆ ತಾಗುವಂತೆ ಹಿಡಿಯಿರಿ. ಆಚೆಬದಿಯ ಮಂಡಿ ಮಡಚಿ ಮೇಲೆತ್ತಿ, ಅದನ್ನೇ ನಿಮ್ಮತ್ತ ಎಳೆದರೆ ಭಾರದ ಮೈ ಕೂಡ ಸಲೀಸಾಗಿ ಹೊರಳುತ್ತೆ. ತಲೆ ತುಸು ಹಿಂದಕ್ಕೆ ಬಾಗಿಸಿ, ಬಾಯಿ ನೆಲದ ಕಡೆಗಿರಲಿ. ಬಾಯಿಗೆ ಏನನ್ನೂ ಹಾಕಬೇಡಿ, ಒಬ್ಬರನ್ನೇ ಬಿಡಬೇಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಾದರೆ ಇನ್ನೂ ಎಚ್ಚರ. ಆಲ್ಕೋಹಾಲನ್ನು ಕರಗಿಸುವ ಕೆಲಸದಲ್ಲಿ ಲಿವರ್ ಹೊಸ ಗ್ಲೂಕೋಸ್ ತಯಾರಿಸೋದನ್ನು ಬಹುಪಾಲು ನಿಲ್ಲಿಸಿರುತ್ತೆ. ಸಕ್ಕರೆ ಕುಸಿದವರ ತೊದಲು ಮತ್ತು ತೂರಾಟ ಅಮಲಿನಂತೆಯೇ ಕಾಣುತ್ತೆ. ಗ್ಲೂಕೋಮೀಟರ್ ಇದ್ದರೆ ಬೆರಳು ಚುಚ್ಚಿ ನೋಡಿ.

ಇರುಳುದಾರಿ:
ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ: ವರ್ಷಗಟ್ಟಲೆ ದಿನಾ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ ಆಗುತ್ತಾ?

ನಾಡಿಮಿಡಿತ:
ನಿಲ್ಲಿಸಲೇಬೇಕು, ಆದರೆ ವೈದ್ಯರ ಕಣ್ಗಾವಲಿನಲ್ಲಿ. ಆಲ್ಕೋಹಾಲ್ ಮಿದುಳನ್ನು ಶಾಂತಗೊಳಿಸುವ ಗಾಬಾ ಅನ್ನೋ ರಾಸಾಯನಿಕಕ್ಕೆ ಬಲ ಕೊಡುತ್ತೆ, ಕೆರಳಿಸುವ ಗ್ಲುಟಮೇಟನ್ನು ಅದುಮುತ್ತೆ. ದಿನಾ ಹೀಗಾದಾಗ ಮಿದುಳು ತನ್ನ ಕೆರಳುವ ಬದಿಯನ್ನು ಹೆಚ್ಚಿಸಿಕೊಂಡು ಸಮ ಮಾಡಿಕೊಂಡಿರುತ್ತೆ. ಅದುಮಿದ್ದನ್ನು ಒಮ್ಮೆಲೇ ತೆಗೆದರೆ ಅದು ಸ್ಪ್ರಿಂಗಿನಂತೆ ಚಿಮ್ಮುತ್ತೆ.

ಕೊನೆಯ ಗುಟುಕಾಗಿ 6ರಿಂದ 8 ಗಂಟೆಗೆ ಕೈನಡುಕ, ಬೆವರು, ಕಳವಳ ಶುರು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ಹೊತ್ತಿಗೆ ಕೆಲವರಿಗೆ ಜ್ವರ, ಇಲ್ಲದ್ದು ಕಾಣುವುದು, ದಿಕ್ಕುತಪ್ಪಿ ಮಾತಾಡುವುದು. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾವೂ ಉಂಟು. ಆದ್ದರಿಂದ ಹಿಂದೆ ಫಿಟ್ಸ್ ಬಂದಿದ್ದರೆ, ಬೆಳಗ್ಗೆ ಎದ್ದಕೂಡಲೇ ಕುಡಿಯದಿದ್ದರೆ ಕೈ ನಡುಗುತ್ತಿದ್ದರೆ ಮನೆಯಲ್ಲಿ ಪ್ರಯೋಗ ಬೇಡ, ಆಸ್ಪತ್ರೆಗೆ ಸೇರಿಸಿ. ಅಲ್ಲಿ ಮಿದುಳನ್ನು ಶಾಂತಗೊಳಿಸುವ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜಿಪಾಕ್ಸೈಡ್ ಔಷಧ ಕೊಟ್ಟು ಅದರ ಪ್ರಮಾಣವನ್ನು ದಿನದಿಂದ ದಿನಕ್ಕೆ ಇಳಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್.

ಸೇರಿಸುವಾಗ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯದಾಗಿ ಕುಡಿದದ್ದು ಯಾವಾಗ ಅನ್ನೋದನ್ನು ಮುಚ್ಚಿಡದೆ ಹೇಳಿ. ದಿನಾ ಕುಡಿಯುವವರಲ್ಲಿ ಬಿ1 ಜೀವಸತ್ವ, ಅಂದರೆ ಥಯಮಿನ್, ಬರಿದಾಗಿರುತ್ತೆ. ಹಾಗಿರುವಾಗ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕುಡಿತದ ವಿಷಯ ಗೊತ್ತಿದ್ದರೆ ಅವರು ಥಯಮಿನ್ ಚುಚ್ಚುಮದ್ದನ್ನು ಗ್ಲೂಕೋಸಿಗೆ ಮೊದಲೋ ಅದರ ಜೊತೆಗೋ ಕೊಡುತ್ತಾರೆ.