ಕೆಲಸದ ನಾಯಿಗೆ ವೆಸ್ಟ್, ಪ್ಯಾಚ್: ಅನುಭವ ಇದ್ದವರು ಹೇಳ್ರಿ

ಕೊಪ್ಪಳದಿಂದ ಪ್ರಶ್ನೆ: ತಮ್ಮನಿಗೆ ಕಿವಿ ಕೇಳಲ್ಲ. ಹಾರ್ನ್, ಕರೆಗಂಟೆಗೆ ಮೈಮುಟ್ಟಿ ಎಚ್ಚರಿಸೋ ಲ್ಯಾಬ್ರಡಾರ್ ಜೊತೆಗಿರ್ತದ. ಬ್ಯಾಂಕು, ಬಸ್ ಸ್ಟ್ಯಾಂಡಿನಾಗ ತಡೀದಂಗ ಯಾವ ವೆಸ್ಟ್ ಹಾಕಲಿ? ಪ್ಯಾಚಿನಾಗ (ವೆಸ್ಟಿಗೆ ಅಂಟಿಸೋ ಬರಹದ ತುಂಡು) ಏನು ಬರೆಸಲಿ?

ಬಳ್ಳಾರಿ: ಹೊರದೇಶದ್ದು ತರಿಸ್ಬ್ಯಾಡ್ರಿ. ಬೆಲೆ, ಕೊರಿಯರ್, ಕಸ್ಟಮ್ಸ್ ಸುಂಕ, ಮೇಲೆ ಆಲ್ಟರೇಷನ್ ಕೂಲಿ. ಇಷ್ಟಾದ್ರೂ ಅದು ಚಳಿ ದೇಶದ್ದು: 600 ಡಿನಿಯರ್ (ದಪ್ಪ ನೂಲಿನ) ಬಟ್ಟೆ, ಒಳಗೆ ಸ್ಪಂಜು. ನಾಯಿ ತಣಿಯೋದು ಬೆವರಿ ಅಲ್ಲ, ತೇಕಿ. 40 ಡಿಗ್ರಿಯಾಗ ಎದೆ ಬಿಗಿದ್ರೆ ತೇಕೋದೂ ಕಷ್ಟ. ನಮ್ಮೂರಾಗ ಜೀನ್ಸ್ ಹೊಲಿಯೋರಿಗೆ ಬರ ಇಲ್ಲ. ಏರ್‌ಮೆಶ್ (ಗಾಳಿ ಆಡೋ ಜಾಲರಿ ಬಟ್ಟೆ), 25 ಮಿ.ಮೀ. ನೈಲಾನ್ ಪಟ್ಟಿ, ಎರಡು ಬಕಲ್ ಕೊಟ್ಟು ಹೊಲಿಸ್ರಿ. ಮುಂಗಾಲಿನ ಹಿಂದೆ ಎದೆ ಸುತ್ತಳತೆ ತಗೋರಿ, ಪಟ್ಟಿ ಕೆಳಗೆ ಎರಡು ಬೆರಳು ಹೋಗಬೇಕು. ಪಟ್ಟಿ ಸೇರೋ ಕಡೆ ಜೀನ್ಸಿನ ಬೆಲ್ಟ್ ಲೂಪಿಗೆ ಹಾಕೋ ಬಾರ್‌ಟ್ಯಾಕ್ (ಒತ್ತೊತ್ತಾದ ಗಟ್ಟಿ ಹೊಲಿಗೆ) ಮಷಿನ್ನಾಗ ಹಾಕಿಸ್ರಿ, ಬರೀ ನೇರ ಹೊಲಿಗೆ ಮೊದಲು ಬಿಚ್ಚೋದು ಅಲ್ಲೇ. ಬಕಲ್ ಕಂಕುಳಿಗೆ ಬಂದ್ರೆ ಕೂದಲು ಉದುರಿ ಹುಣ್ಣಾಗ್ತದ.

ಸಂಡೂರು: ಮೆಶ್ ಅನ್ನೋರು ಅದಿರಿನ ಧೂಳು ಕಂಡಿಲ್ಲ. ತೂತಿನಾಗ ಕುಂತ್ರೆ ತೊಳೆದ್ರೂ ಕೆಂಪೇ. ಬಳ್ಳಾರಿ ಜಾಲಿ ಮುಳ್ಳು ತಾಗಿದ್ರೆ ಸೀಳೇ. ತೆಳು ಹತ್ತಿ ಕ್ಯಾನ್ವಾಸ್ ಹೊಲಿಸ್ರಿ. ವೆಲ್ಕ್ರೋದ ಕೊಕ್ಕೆ ಬದಿ ಪ್ಯಾಚಿಗೆ, ಮೆತ್ತನೆ ಬದಿ ವೆಸ್ಟಿಗೆ. ಉಲ್ಟಾ ಹೊಲಿದ್ರೆ ಪ್ಯಾಚ್ ತೆಗೆದಾಗ ಕೂದಲು, ಕಸ ಎಲ್ಲಾ ವೆಸ್ಟೇ ಹಿಡೀತದ. ಹಗ್ಗ ಕಾಲರಿಗೇ ಕಟ್ರಿ, ವೆಸ್ಟಿನ ರಿಂಗಿಗಲ್ಲ.

ಬಳ್ಳಾರಿ: ಹತ್ತಿ ಕ್ಯಾನ್ವಾಸಾ? ಮಳೆಗೆ ನೀರು ಕುಡಿದು ಭಾರ ಆಗ್ತದ. ನಾಯಿ ಹೊರಬೇಕು, ನೀವಲ್ಲ.

ಗಂಗಾವತಿ: ಬಟ್ಟೆ ಜಗಳ ಬಿಡ್ರಿ. ವೆಸ್ಟ್ ಹಾಕಿದ್ರೆ ಬಾಗಿಲು ತೆಗೀತದ ಅನ್ನೋದೇ ತಪ್ಪು. ಅಮೆರಿಕದ ಅಂಗವಿಕಲರ ಕಾನೂನು ಎಡಿಎನೂ ವೆಸ್ಟ್ ಕಡ್ಡಾಯ ಮಾಡಿಲ್ಲ. ಅಲ್ಲಿ ಸಿಬ್ಬಂದಿ ಕೇಳಬಹುದಾದ್ದು ಎರಡೇ: ಅಂಗವೈಕಲ್ಯಕ್ಕೆ ಬೇಕಾದ ನಾಯಿಯಾ, ಯಾವ ಕೆಲಸಕ್ಕೆ ತರಬೇತಿ ಆಗ್ಯದ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಾಗ ವೆಸ್ಟಿನ ಮಾತೇ ಇಲ್ಲ. ಜೇಬಿನಾಗ ಯುಡಿಐಡಿ (ಸರ್ಕಾರ ಕೊಡೋ ಅಂಗವಿಕಲರ ಗುರುತಿನ) ಕಾರ್ಡಿನ ಪ್ರತಿ, ರೇಬೀಸ್ ಲಸಿಕೆ ಚೀಟಿ ಇಡ್ರಿ. ಆನ್‌ಲೈನಾಗ ಮಾರೋ ಕೆಲಸದ ನಾಯಿ 'ನೋಂದಣಿ ಪತ್ರ'ಕ್ಕ ರೊಕ್ಕ ಸುರೀಬ್ಯಾಡ್ರಿ, ಎಡಿಎನೂ ಅದಕ್ಕ ಬೆಲೆ ಕೊಡಲ್ಲ.

ರಾಯಚೂರು: ಕಾಯ್ದೆ ಓದಿಕೊಂಡು ಯಾರೂ ಕೈ ಚಾಚಲ್ಲ ಸ್ವಾಮಿ. ವೆಸ್ಟ್ ಬೇಕಾಗೋದು ತಲೆ ಸವರೋರನ್ನ, ಬಿಸ್ಕೀಟು ಎಸೆಯೋರನ್ನ ತಡೆಯೋಕೆ. 'ಕೆಲಸದಲ್ಲಿದೆ, ಮುಟ್ಟಬೇಡಿ' ಅಂತ ಎರಡೂ ಪಕ್ಕಕ್ಕೆ ಬರೆಸ್ರಿ, ಕೆಳಗೆ ಉರ್ದು, ತೆಲುಗು. ಅಕ್ಷರ ಒಂದಂಗುಲ ಇರಲಿ. ಸಣ್ಣದಾದ್ರೆ ಎಂಬ್ರಾಯ್ಡರಿಯಾಗ ಒತ್ತಕ್ಷರ ದಾರದ ಗಂಟಾಗಿ 'ಟ್ಟ' ಓದಕ್ಕಾಗಲ್ಲ. 'ನನಗೆ ಕಿವಿ ಕೇಳಲ್ಲ, ಎದುರು ಬಂದು ಮಾತಾಡಿ' ಅಂತಲೂ ಇನ್ನೊಂದು.

ಗಂಗಾವತಿ: ಆ ಹುಡುಗನ ಕಿವಿ ವಿಷಯ ಊರಿಗೆಲ್ಲಾ ಸಾರಬೇಕಾ? ಬೇಕಾದ್ರೆ ಅವನೇ ಹೇಳ್ತಾನ.

ರಾಯಚೂರು: ಹಿಂದಿಂದ ಕೂಗಿ, ಉತ್ತರ ಬರದಿದ್ರೆ ಸೊಕ್ಕು ಅನ್ನೋರಿಗೆ ನೀವು ಬಂದು ಹೇಳ್ತೀರಾ?

ಸಂಡೂರು: ಬಳ್ಳಾರಿಯೋರು ತಮ್ಮ ಮೆಶ್ ಬಕಲ್ ಸಮೇತ ತೂಗಿ ಹಾಕ್ರಿ, ಆಮೇಲೆ ಭಾರದ ಮಾತಾಡೋಣ.