ಮೊದಲ ಸಲದ ಬಿಯರ್: ಗುಳ್ಳೆ ನಿಂತಿದೆ, ಬಾಟಲಿಗೆ ತುಂಬಿಸಬಹುದಾ?

ಪ್ರಶ್ನೆ (ಕೊಲಂಬಸ್, ಒಹಾಯೊ): ಅಣ್ಣ, ನೀವು ಬ್ರೂವರಿಯಲ್ಲಿ ಕೆಲಸ ಮಾಡುತ್ತೀರಿ ಅಂತ ಗ್ರೂಪಲ್ಲಿ ಹೇಳಿದರು. ನಾನೂ ನಮ್ಮ ಯಜಮಾನರೂ ಮನೆಯಲ್ಲಿ ಮೊದಲ ಸಲ ಬಿಯರ್ ಹಾಕಿದ್ದೇವೆ. ಐದು ಗ್ಯಾಲನ್, ಅಂದರೆ 19 ಲೀಟರ್. 3.3 ಪೌಂಡಿನ ಎರಡು ಡಬ್ಬಿ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್, ಎರಡು ಔನ್ಸ್ ಕ್ಯಾಸ್ಕೇಡ್ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ), ಒಂದು ಪ್ಯಾಕೆಟ್ ಯುಎಸ್-05 ಯೀಸ್ಟ್. ಬಕೆಟ್ ಬೇಸ್‌ಮೆಂಟಿನಲ್ಲಿದೆ, ಅಲ್ಲಿ 18 ಡಿಗ್ರಿ. ಮೊದಲ ಮೂರು ದಿನ ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಮುಚ್ಚಳದ ಕೊಳವೆ) ಒಂದೇ ಸಮ ಗುಳುಗುಳು ಅನ್ನುತ್ತಿತ್ತು. ಇವತ್ತು ಏಳನೇ ದಿನ, ಪೂರ್ತಿ ನಿಂತಿದೆ. ಮುಚ್ಚಳ ತೆಗೆದರೆ ಅಂಚಿನ ಸುತ್ತ ಕಂದು ಬಣ್ಣದ ಕೊಳೆಯಂಥದ್ದು ಅಂಟಿದೆ. ಹಾಳಾಯಿತಾ? ಇಲ್ಲ ಅಂದರೆ ಈ ಶನಿವಾರವೇ ತುಂಬಿಸೋಣ ಅಂತಿದ್ದೇವೆ.

ಉತ್ತರ: ಹಾಳಾಗಿಲ್ಲ ತಂಗಿ. ಯೀಸ್ಟ್ ಜೋರಾಗಿ ಕೆಲಸ ಮಾಡುವಾಗ ನೊರೆ ಉಕ್ಕುತ್ತದೆ. ಹಾಪ್ಸ್ ಚೂರು, ಯೀಸ್ಟು ಎಲ್ಲ ಅದರ ಜೊತೆ ಮೇಲೇರಿ, ನೊರೆ ಇಳಿದಾಗ ಅಂಚಿಗೆ ಅಂಟಿಕೊಳ್ಳುತ್ತವೆ. ಹಾಲು ಉಕ್ಕಿ ಇಳಿದ ಮೇಲೆ ಪಾತ್ರೆಯ ಅಂಚಿಗೆ ಕೆನೆ ಹಿಡಿದಿರುತ್ತದಲ್ಲ, ಹಾಗೆ. ನಿಮ್ಮ ಯೀಸ್ಟ್ ಚೆನ್ನಾಗಿ ಎದ್ದಿತ್ತು ಅನ್ನುವುದಕ್ಕೆ ಅದೇ ಗುರುತು. ಹತ್ತಿಯ ಹಾಗೆ ಕೂದಲು ಬಂದ ಹಸಿರು, ಕಪ್ಪು ಬೂಷ್ಟು ಕಂಡರೆ ಮಾತ್ರ ಚಿಂತೆ ಮಾಡಬೇಕು.

ಆದರೆ ಶನಿವಾರ ತುಂಬಿಸಬೇಡಿ. ಗುಳ್ಳೆಯನ್ನು ನಂಬಬೇಡಿ. ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಗ್ಯಾಸ್ ಆ ಕಡೆಯಿಂದ ಹೋಗುತ್ತದೆ, ಏರ್‌ಲಾಕ್ ಸುಮ್ಮನಿರುತ್ತದೆ. ಒಳಗೆ ಎಷ್ಟು ಸಕ್ಕರೆ ಉಳಿದಿದೆ ಅಂತ ಹೇಳುವುದು ಹೈಡ್ರೋಮೀಟರ್ ಒಂದೇ. ಸಾಮಾನ್ಯವಾಗಿ ಕಿಟ್‌ನಲ್ಲಿ ಇರುತ್ತದೆ, ಉದ್ದ ಗಾಜಿನ ಕಡ್ಡಿ. ಸ್ಯಾನಿಟೈಸ್ ಮಾಡಿದ ಪೈಪೆಟ್‌ನಿಂದ ಸ್ವಲ್ಪ ಬಿಯರ್ ಜಾಡಿಗೆ ತೆಗೆದು, ಕಡ್ಡಿ ಬಿಟ್ಟು, ಬೆರಳಲ್ಲಿ ಒಮ್ಮೆ ತಿರುಗಿಸಿ. ಅಂಟಿದ ಗುಳ್ಳೆ ಬಿಟ್ಟುಹೋಗಲಿ. ಗುಳ್ಳೆ ಅಂಟಿದ್ದರೆ ಕಡ್ಡಿ ಮೇಲೇಳುತ್ತದೆ, ಲೆಕ್ಕ ತಪ್ಪುತ್ತದೆ. ಕಣ್ಣನ್ನು ಬಿಯರಿನ ಮಟ್ಟಕ್ಕೇ ತಂದು ಓದಿ. ಆ ಸ್ಯಾಂಪಲ್ ಮತ್ತೆ ಬಕೆಟ್‌ಗೆ ಹಾಕಬೇಡಿ, ಕುಡಿದು ರುಚಿ ನೋಡಿ.

ಬರೀ ನೀರಿಗೆ ಕಡ್ಡಿ 1.000 ತೋರಿಸುತ್ತದೆ, ಸಕ್ಕರೆ ಇದ್ದಷ್ಟೂ ಅಂಕಿ ಜಾಸ್ತಿ. ನಿಮ್ಮ ಮಾಲ್ಟ್ ಲೆಕ್ಕಕ್ಕೆ ಶುರುವಿನಲ್ಲಿ 1.047ರ ಹತ್ತಿರ ಇರಬೇಕು. ಮುಗಿದಾಗ 1.010ರಿಂದ 1.014ರ ನಡುವೆ ನಿಲ್ಲುತ್ತದೆ. ಮೂರು ದಿನದ ಅಂತರದಲ್ಲಿ ಎರಡು ಸಲ ಒಂದೇ ಅಂಕಿ ಬರಬೇಕು. ಇವತ್ತು ಎಷ್ಟಿದೆ ನೋಡಿ ಹೇಳಿ.

ಕೊಲಂಬಸ್‌ನಿಂದ: ಈಗ ನೋಡಿದೆ ಅಣ್ಣ. 1.019. ರುಚಿ ಸ್ವಲ್ಪ ಸಿಹಿ ಇದೆ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಇನ್ನೂ ಏಳು ಪಾಯಿಂಟ್ (ಒಂದು ಪಾಯಿಂಟ್ ಅಂದರೆ 0.001) ಇಳಿದು 1.012ರ ಹತ್ತಿರ ಬರಬೇಕು. ಒಂದು ಪಾಯಿಂಟ್ ಬಾಟಲಿಯೊಳಗೆ ಇಳಿದರೆ, ಬಿಯರಿನ ಅಳತೆಯ ಸುಮಾರು ಅರ್ಧದಷ್ಟು ಗ್ಯಾಸ್ ಹುಟ್ಟುತ್ತದೆ. ಮಾಮೂಲಿ ಬಿಯರ್‌ನಲ್ಲಿ ಅದರ ಅಳತೆಯ ಎರಡೂವರೆಯಷ್ಟು ಗ್ಯಾಸ್ ಇರುತ್ತದೆ. ನೀವು ಈಗ ತುಂಬಿಸಿ, ಗ್ಯಾಸ್ ಹುಟ್ಟಲಿ ಅಂತ ಬಾಟಲಿಗೆ ತುಂಬುವಾಗ ಹಾಕುವ ಸಕ್ಕರೆಯನ್ನೂ ಹಾಕಿದರೆ ಅದು ಆರರ ಹತ್ತಿರ ಹೋಗುತ್ತದೆ. ಬಾಟಲಿ ತಡೆಯುವುದಿಲ್ಲ.

ನಾನು ಈ ಕೆಲಸಕ್ಕೆ ಸೇರುವ ಮುಂಚೆ ಮನೆಯಲ್ಲಿ ಇದೇ ತಪ್ಪು ಮಾಡಿದ್ದೆ. ಹತ್ತನೇ ರಾತ್ರಿ ಬೀರುವಿನಲ್ಲಿ ಒಂದು ಸಿಡಿಯಿತು, ಅದರ ಏಟಿಗೆ ಪಕ್ಕದ್ದೂ ಒಡೆಯಿತು. ಬೆಳಿಗ್ಗೆ ನೋಡಿದರೆ ಬೀರುವಿನ ಮರದ ಬಾಗಿಲಿಗೆ ಒಳಗಿಂದ ಗಾಜಿನ ಚೂರು ನಾಟಿಕೊಂಡಿತ್ತು. ಕಾಲು ಇಂಚು ಒಳಗೆ. ಮನೆಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಬಕೆಟ್ ಮೇಲೆ ತಂದು 20-21 ಡಿಗ್ರಿ ಇರುವ ರೂಮಿನಲ್ಲಿಡಿ. ಮುಚ್ಚಳ ತೆಗೆಯದೆ ಮೆಲ್ಲಗೆ ಒಂದು ಸುತ್ತು ಅಲ್ಲಾಡಿಸಿ, ತಳಕ್ಕೆ ಕೂತ ಯೀಸ್ಟ್ ಏಳಲಿ. ಐದು ದಿನ ಮುಟ್ಟಬೇಡಿ.

ಪ್ರಶ್ನೆ (ನ್ಯೂಜೆರ್ಸಿ): ಸರ್, ನಾನು ಇನ್ನೂ ಶುರು ಮಾಡಿಲ್ಲ. ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಅಂದರೆ ಏನು? ಮೊದಲ ಸಲ ಯಾವುದರ ಮೇಲೆ ಜಾಸ್ತಿ ನಿಗಾ ಇಡಬೇಕು?

ಉತ್ತರ: ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಮಗುವಿಗೆ ಮಾಲ್ಟ್ ಮಾಡುತ್ತಾರಲ್ವಾ, ಬಾರ್ಲಿಗೂ ಅದನ್ನೇ ಮಾಡುತ್ತಾರೆ. ಮೊಳಕೆ ಬಂದಾಗ ಕಾಳಿನ ಪಿಷ್ಟವನ್ನು ಸಕ್ಕರೆ ಮಾಡುವ ಶಕ್ತಿ ಬರುತ್ತದೆ. ಅದನ್ನು ಬಿಸಿನೀರಲ್ಲಿ ನೆನೆಸಿ ತೆಗೆದ ಸಿಹಿ ರಸವನ್ನು ಜೋನಿಬೆಲ್ಲದ ಹದಕ್ಕೆ ಇಂಗಿಸಿದರೆ ಎಕ್ಸ್‌ಟ್ರ್ಯಾಕ್ಟ್. ಮೊದಲ ಸಲಕ್ಕೆ ಅದೇ ಸಾಕು. ಡಬ್ಬಿ ಸುರಿಯುವಾಗ ಒಲೆ ಆರಿಸಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ.

ನಿಗಾ ಇಡಬೇಕಾದದ್ದು ಕುದಿಸಿ ಮುಗಿದ ಮೇಲೆ. ಕುದಿಯುವಾಗ ಬಿಯರ್ ಕೆಡಿಸುವ ಕ್ರಿಮಿಗಳು ಸಾಯುತ್ತವೆ. ಆರಿದ ಮೇಲೆ ಸೌಟು, ಪೈಪು, ಮುಚ್ಚಳ, ಯೀಸ್ಟ್ ಪ್ಯಾಕೆಟ್ ಕತ್ತರಿಸುವ ಕತ್ತರಿ, ಎಲ್ಲವನ್ನೂ ಸ್ಟಾರ್ ಸ್ಯಾನ್ ಅನ್ನುವ ಸ್ಯಾನಿಟೈಸರ್ ಬೆರೆಸಿದ ನೀರಲ್ಲಿ ಅದ್ದಬೇಕು. ಐದು ಗ್ಯಾಲನ್ ನೀರಿಗೆ ಒಂದು ಔನ್ಸ್. ನೊರೆ ಉಳಿದರೆ ತೊಳೆಯುವುದು ಬೇಡ. ಪಾತ್ರೆಯನ್ನು ಐಸ್ ನೀರಿನ ಸಿಂಕ್‌ನಲ್ಲಿಟ್ಟು ಬೇಗ ಆರಿಸಿ, 20 ಡಿಗ್ರಿಗೆ ಬಂದ ಮೇಲೆ ಯೀಸ್ಟ್ ಹಾಕಿ. ಬಿಸಿ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆ ಗೊತ್ತಲ್ಲ. ನಲ್ಲಿ ನೀರಲ್ಲಿ ಕ್ಲೋರಿನ್ ವಾಸನೆ ಇದ್ದರೆ ಕ್ಯಾಂಪ್‌ಡೆನ್ ಮಾತ್ರೆಯ ಕಾಲು ಭಾಗ ಪುಡಿ ಮಾಡಿ ಹಾಕಿ. ಇಲ್ಲದಿದ್ದರೆ ಬಿಯರ್‌ಗೆ ಬ್ಯಾಂಡೇಜ್ ವಾಸನೆ ಬರುತ್ತದೆ.

ಪ್ರಶ್ನೆ (ಮೈಸೂರು): ಸರ್, ಇಲ್ಲಿ ನಾನೂ ಮಾಡಬಹುದಾ?

ಉತ್ತರ: ಬೇಡಪ್ಪ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತಯಾರಿಸುವುದು ಅಪರಾಧ. ಅಮೆರಿಕದಲ್ಲೂ ಮನೆ ಬಿಯರ್‌ಗೆ ದಾರಿ ಬಿಟ್ಟುಕೊಟ್ಟದ್ದು ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನು. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100. ಮಾರುವಂತಿಲ್ಲ. ಪರ್ಮಿಟ್ ಇಲ್ಲದೆ ಭಟ್ಟಿ ಇಳಿಸುವುದು ಅಮೆರಿಕದಲ್ಲೂ ಕಾನೂನುಬಾಹಿರ, ಅದರ ತಂಟೆಗೆ ಯಾರೂ ಹೋಗಬೇಡಿ.

ಕೊಲಂಬಸ್‌ನಿಂದ (ಒಂಬತ್ತು ದಿನದ ನಂತರ): ಅಣ್ಣ, ಭಾನುವಾರ 1.012. ಇವತ್ತು ಬುಧವಾರವೂ 1.012. ಸಿಹಿ ಹೋಗಿದೆ.

ಉತ್ತರ: ಹಾಗಾದರೆ ತುಂಬಿಸಿ. ಆಲ್ಕೋಹಾಲ್ ಸುಮಾರು 4.6 ಪರ್ಸೆಂಟ್ ಆಗಿದೆ. 110 ಗ್ರಾಂ ಸಕ್ಕರೆ ತೂಗಿ, ಒಂದು ಲೋಟ ನೀರಲ್ಲಿ ಕುದಿಸಿ, ಆರಿಸಿ ಇನ್ನೊಂದು ಶುದ್ಧ ಬಕೆಟ್‌ಗೆ ಹಾಕಿ. ಅದರ ಮೇಲೆ ಬಿಯರನ್ನು ಪೈಪಿನಿಂದ ಸದ್ದಿಲ್ಲದೆ ಇಳಿಸಿ, ತಳದ ಗಸಿ ಬರದ ಹಾಗೆ. ಒಂದೊಂದು ಬಾಟಲಿಗೆ ಚಮಚದಲ್ಲಿ ಸಕ್ಕರೆ ಹಾಕಬೇಡಿ, ಹೆಚ್ಚುಕಮ್ಮಿ ಆಗುತ್ತದೆ. ಕಂದು ಬಾಟಲಿಯೇ ಇರಲಿ. ಬಿಸಿಲು ಬಿದ್ದರೆ ಹಾಪ್ಸ್ ಕೆಟ್ಟು ನಾರುತ್ತದೆ. ತಿರುಗಿಸಿ ತೆಗೆಯುವ ಮುಚ್ಚಳದ ಬಾಟಲಿ ಬೇಡ, ಬಿರಡೆ ಸರಿಯಾಗಿ ಕೂರುವುದಿಲ್ಲ. ತುಂಬಿದ ಬಾಟಲಿಗಳನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ ಎರಡು ವಾರ ಇಡಿ, ಆಮೇಲೆ ಫ್ರಿಜ್‌ಗೆ. 12 ಔನ್ಸಿನ ಬಾಟಲಿ 48 ಆಗುತ್ತವೆ. ಎರಡು ಜಾಸ್ತಿ ತೊಳೆದಿಟ್ಟುಕೊಳ್ಳಿ.